ಬಲಗಿವಿ

ಚೀಟಿ ಎತ್ತಿದ್ದು ಒಂಬತ್ತು ಸಾವಿರ.
ಗ್ಯಾಸಿಗೆ, ಹಂಸಿನಿಯ ಪರೀಕ್ಷೆ ಫೀಸಿಗೆ ಕಳೆದು
ಮಿಕ್ಕಿದ್ದು ಆರೂವರೆ.
ಇಷ್ಟರಲ್ಲೇ ಮನೆ ಸುತ್ತ ಸದ್ದು ಕಟ್ಟಬೇಕಪ್ಪ
ಅಂದಳು ಮಗಳು, ಪಾಲಿಟೆಕ್ನಿಕ್ಕು ಎರಡನೇ ವರ್ಷ,
ಕಿವಿಯ ಮೇಲೊಂದು ಪೆನ್ಸಿಲು.

ಮಂಡಿ ಮೊಹಲ್ಲಾದ ಮುನೀರನ ಅಂಗಡಿಯಲ್ಲಿ
ಆಂಪ್ಲಿಫೈಯರು, ಎರಡು ಸಾವಿರದ ಎಂಟುನೂರು.
ಯಾರ ಮನೆಯಲ್ಲೋ ಹದಿನೈದು ವರ್ಷ ಹಾಡಿ ಬಂದದ್ದು,
ವಾಲ್ಯೂಮಿನ ತಿರುಗಣೆಯ ಮೇಲೆ
ಅವರ ಹೆಬ್ಬೆರಳು ಸವೆಸಿದ ನುಣುಪು.
'ಹೊಸದರಲ್ಲಿ ಈ ತೂಕ ಸಿಗಲ್ಲ ಸಾರ್.'
ತೂಕವೇನೋ ನಿಜ.
ಸ್ಕೂಟರಿನ ಹಿಂದೆ ಮುನಿಸಿಕೊಂಡು ಕೂತ ಅತ್ತೆಯ ಹಾಗೆ
ಕ್ಯಾತಮಾರನಹಳ್ಳಿ ಮುಟ್ಟುವವರೆಗೂ ಅಲ್ಲಾಡಲಿಲ್ಲ.

ಮುಂದಿನ ಜೋಡಿಗೆ ಸಾವಿರದ ಒಂಬೈನೂರು.
ಹಿಂದಿನ ಜೋಡಿ ನಾನು ತಂದದ್ದು:
ಗುಜರಿಗೆ ಬಿದ್ದ ವಿಡಿಯೋ ಕೋಚಿನಿಂದ ಬಿಚ್ಚಿದ್ದು,
ನೂರೈವತ್ತು, ಧೂಳು ಸಮೇತ.
ಎಷ್ಟು ರಾತ್ರಿ ಯಾರ ತಲೆಯ ಮೇಲೆ
ಬಡಿದುಕೊಂಡಿದ್ದವೋ ಪಾಪ.

ದುಬಾರಿ ವೈರು ಬೇಡ ಅಂದಳು.
ತಾಮ್ರಕ್ಕೆ ಬಲ್ಬೂ ಒಂದೇ, ಭೈರವಿಯೂ ಒಂದೇ.
ಬಾಗಿಲ ಚೌಕಟ್ಟಿನ ಮೇಲೆ ಇರುವೆ ಸಾಲಿನಂತೆ
ವೈರು ಹೊರಟಿತು ಅಡುಗೆಮನೆಗೆ.
'ಬಿ' ಗುಂಡಿ ಒತ್ತಿದರೆ
ಅಕ್ಕಿ ಡಬ್ಬದ ಪಕ್ಕ ವಾರ್ತೆ.
ಒಗ್ಗರಣೆ ಸಿಡಿಯುವಾಗ ಮಾತ್ರ
ದೇಶದ ಸುದ್ದಿ ಒಂದು ಗಳಿಗೆ ನಿಲ್ಲುತ್ತದೆ.

ಸ್ಟ್ಯಾಂಡಿಗೆ ದುಡ್ಡು ಸಾಲಲಿಲ್ಲ.
ಅಟ್ಟದಿಂದ ಗೊಂಬೆ ಮೆಟ್ಟಿಲ ಹಲಗೆ ಇಳಿಸಿದೆವು.
'ಮಹಾಲಯದೊಳಗೆ ನನಗೆ ವಾಪಸು ಬರಬೇಕು'
ಜಯಶೀಲೆಯ ಕರಾರು.

ಸರಿ, ಪರೀಕ್ಷೆ.
ಟೇಪು ಹಿಡಿದು ಅಳೆದು, ಸುಣ್ಣದಲ್ಲಿ ಗುರುತು ಹಾಕಿ
ಸರಿಯಾಗಿ ನಡುಮಧ್ಯೆ ನನ್ನ ಕುರ್ಚಿ.
'ಕಣ್ಮುಚ್ಚಿ ಅಪ್ಪ. ಲಾರಿ ಬರತ್ತೆ,
ಎಡಗಡೆ ಹಿಂದಿನಿಂದ ಹೊರಟು ಬಲಗಡೆ ಮುಂದಕ್ಕೆ.'

ಬಂತು. ಲೋಡಿದೆ, ಎರಡನೇ ಗೇರು,
ಸೈಲೆನ್ಸರು ತೂತಾಗಿದೆ, ಅದೂ ಗೊತ್ತಾಯಿತು.
ಬೆನ್ನ ಹತ್ತಿರ ಬಂತು,
ಕಾಲು ತಂತಾನೆ ಬ್ರೇಕು ಹುಡುಕಿತು
ಮೊಸಾಯಿಕ್ ನೆಲದಲ್ಲಿ.
ಆಮೇಲೆ ಇಲ್ಲ.
ಇಡೀ ಲಾರಿ ನನ್ನ ತಲೆಯೊಳಗೆ ಎಲ್ಲೋ
ಹಳ್ಳಕ್ಕೆ ಇಳಿದಂತೆ ಮಾಯ.

ಇಪ್ಪತ್ತೆರಡು ವರ್ಷ ಬನ್ನೂರು ರೂಟು.
ಡ್ರೈವರನ ಕಿಟಕಿ ಬಲಕ್ಕೆ;
ಗಾಳಿ, ಹಾರನ್ನು, ಕಬ್ಬಿನ ಟ್ರ್ಯಾಕ್ಟರು
ಎಲ್ಲಾ ಆ ಒಂದೇ ಕಿವಿಯಲ್ಲಿ ಹತ್ತಿ ಇಳಿದವು.
ಡಾಕ್ಟರು ಕಾಗದದ ಮೇಲೆ ಗೆರೆ ಎಳೆದು
ಟಯರ್ ಸೆಕ್ಷನ್ನಿಗೆ ಕಳಿಸುವುದಕ್ಕೂ ನಾಲ್ಕು ವರ್ಷ ಮೊದಲೇ
ಓವರ್‌ಟೇಕು ಮಾಡುವವನನ್ನು
ನಾನು ಕನ್ನಡಿಯಲ್ಲಿ ಕೇಳುತ್ತಿದ್ದೆ.
ಮನೆಯಲ್ಲಿ ಹೇಳಿರಲಿಲ್ಲ.
ಕಂಡಕ್ಟರ್ ಶಿವಲಿಂಗುಗೆ ಗೊತ್ತಿತ್ತು ಅನ್ನಿಸುತ್ತೆ,
ಅವನ 'ರೈಟ್' ಎರಡೆರಡು ಸಲ ಬರುತ್ತಿತ್ತು.

'ಬಂತಾ ಅಪ್ಪ?'
'ಬಂತು.'
'ಯಾವ ಕಡೆ ಹೋಯ್ತು?'

ಅವಳು ಮತ್ತೆ ಕೇಳಲಿಲ್ಲ.
ಪೆನ್ಸಿಲು ತೆಗೆದು ಏನೋ ಗೀಚಿದಳು,
ಬಲದ ವೈರು ಕಿತ್ತು ಎಡಕ್ಕೆ ಎಳೆಯಹೊರಟಳು.
ಬೇಡ ಅಂದೆ.
ಕೂರುವವನು ನಾನೊಬ್ಬನೇ ಅಲ್ಲ,
ಲಾರಿ ಪೂರ್ತಿ ಹೋಗಲಿ.

ಜಯಶೀಲೆ ಸೆರಗಿಗೆ ಕೈ ಒರೆಸುತ್ತಾ ಬಂದು
ನನ್ನ ಬಲಕ್ಕೆ ಮುಕ್ಕಾಲಿ ಎಳೆದು ಕೂತಳು.
'ಹಾಕು ಇನ್ನೊಂದ್ಸಲ.'
ಹಳ್ಳಕ್ಕೆ ಇಳಿದ ಲಾರಿ
ಆಚೆ ದಡದಲ್ಲಿ ಎದ್ದಾಗ
ನನ್ನ ಭುಜ ತಟ್ಟಿದಳು.
ಒದ್ದೆ ಕೈ. ಎರಡು ಸಲ.

ವೈರಿನ ಆರುನೂರ ನಲವತ್ತು ಕಳೆದು
ಉಳಿದದ್ದು ಸಾವಿರದ ಹತ್ತು.
ಕಿವಿಯ ಮಿಷನ್ನಿಗೆ ಎಷ್ಟಾಗುತ್ತೆಂದು
ಹಂಸಿನಿ ಎಲ್ಲೋ ವಿಚಾರಿಸಿದ್ದಾಳಂತೆ.
ಇನ್ನೊಂದು ಚೀಟಿಗೆ ಸೇರಿದ್ದಾಗಿದೆ.

ಹಲಗೆಗಳು ಮಾತ್ರ ಮಹಾಲಯದ ಹಿಂದಿನ ದಿನವೇ ವಾಪಸು.
ಈಗ ಬಲದ ಸ್ಪೀಕರು
ಪಟ್ಟದ ರಾಣಿಯ ಹಿಂದೆ ನೆಲದ ಮೇಲೆ ಕೂತಿದೆ.
ಢಂ ಅಂದಾಗಲೆಲ್ಲ
ಮರದ ರಾಣಿ ಸಣ್ಣಗೆ ನಡುಗುತ್ತಾಳೆ;
ಅವಳನ್ನು ನೋಡಿಕೊಂಡೇ
ಕೇಳುತ್ತೇನೆ ನಾನು.